ಹೆಗಲಿನ ಎತ್ತರ

ಡೊಂಬಿವಲಿಯ ನಮ್ಮ ಅಡುಗೆಮನೆಯ ಸ್ಲ್ಯಾಬಿಗೆ ಎರಡು ಕೊಕ್ಕೆಗಳಿದ್ದವು. ಅವುಗಳಿಂದ ಹಗ್ಗ ಇಳಿಬಿಟ್ಟು ಅಡ್ಡಲಾಗಿ ಒಂದು ಬಿದಿರಿನ ಗಳ ಕಟ್ಟಿದ್ದರು. ಅಜ್ಜಿಯ ಮಡಿ ಸೀರೆ ಒಣಗುತ್ತಿದ್ದದ್ದು ಅದರ ಮೇಲೆ. ಯಾರ ತಲೆಯೂ ಕೈಯೂ ತಾಗಬಾರದು ಎಂದು ಅದನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದು. ಸೀರೆ ಏರಿಸುವುದಕ್ಕೂ ಇಳಿಸುವುದಕ್ಕೂ ಒಂದು ಉದ್ದನೆಯ ಮಡಿಕೋಲು ಬಾಗಿಲ ಹಿಂದೆ ಒರಗಿಕೊಂಡಿರುತ್ತಿತ್ತು. ಮನೆ ಎಂದರೆ ಎರಡೇ ಕೋಣೆ. ಹೊರಗಿನದರಲ್ಲಿ ನಾವು ಓದುವುದು, ಮಲಗುವುದು, ಬಂದವರನ್ನು ಕೂರಿಸುವುದು. ಒಳಗಿನದು ಅಡುಗೆಮನೆ. ಅದರ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಹಾಕಿ ಮಾಡಿದ ಮೋರಿ. ಪಾತ್ರೆ ತೊಳೆಯುವುದು ಅಲ್ಲೇ, ಪರದೆ ಎಳೆದುಕೊಂಡು ಸ್ನಾನ ಮಾಡುವುದೂ ಅಲ್ಲೇ. ಇನ್ನೊಂದು ಗೋಡೆಯಲ್ಲಿ ದೇವರ ಗೂಡು. ಊರಿನ ದೊಡ್ಡ ಮನೆಯಲ್ಲಿ ಹತ್ತು ಹೆಜ್ಜೆಗೊಂದು ಹೊಸ್ತಿಲು ಇಟ್ಟುಕೊಂಡು ಪಾಲಿಸಿದ ಮಡಿಯನ್ನು ಅಜ್ಜಿ ಈ ಒಂದೇ ಕೋಣೆಯೊಳಗೆ ಮಡಚಿ ತಂದಿದ್ದಳು. ಒಂದು ನಿಯಮವನ್ನೂ ಬಿಟ್ಟಿರಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅಪ್ಪಯ್ಯ ಅವಳನ್ನು ಉಡುಪಿ ಕಡೆಯಿಂದ ಕರೆತಂದಾಗ ನಾನು ಪ್ರೈಮರಿಯಲ್ಲಿದ್ದೆ. ತಂಗಿ ಮಾಲಿನಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪಯ್ಯ ಠಾಣೆಯ ಒಂದು ವೆಜ್ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದರು. ಬೆಳಗಿನ ಲೋಕಲ್ ಹಿಡಿದು ಹೋದರೆ ರಾತ್ರಿ ಸಾಂಬಾರಿನ ವಾಸನೆ ಹೊತ್ತು ಬರುವವರು. ಹಾಗಾಗಿ ಮನೆ ಎಂದರೆ ಹೆಂಗಸರದ್ದೇ: ಅಜ್ಜಿ, ಅಮ್ಮ, ನಾನು, ಮಾಲು. ಅಜ್ಜಿಯನ್ನು ಮೊದಲು ನೋಡಿದಾಗ ನನಗೆ ಕಂಡದ್ದು ಅವಳ ಸೊಂಟದ ಗಂಟು. ಸೀರೆ ಅವಳಿಗೆ ಉದ್ದವಾಗಿತ್ತು. ಅಥವಾ ಸೀರೆ ಇದ್ದಷ್ಟೇ ಇದ್ದು ಅವಳು ಗಿಡ್ಡವಾಗಿದ್ದಳು. ಹೆಚ್ಚಾದ ಬಟ್ಟೆಯನ್ನೆಲ್ಲ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ವರ್ಷ ಕಳೆದ ಹಾಗೆ ಆ ಗಂಟು ದಪ್ಪವಾಗುತ್ತ ಹೋಯಿತು. ಬೆನ್ನು ಮೇಲ್ಭಾಗದಲ್ಲಿ ಬಾಗಿ ತಲೆ ಮುಂದಕ್ಕೆ ಚಾಚಿಕೊಂಡಿತ್ತು. ಬೆರಳ ಗಿಣ್ಣುಗಳು ಶುಂಠಿಯ ಹಾಗೆ ಊದಿದ್ದವು. ಮುಂಗೈಯ ಚರ್ಮ ಎಷ್ಟು ತೆಳುವಾಗಿತ್ತೆಂದರೆ ಬಳೆ ತಾಗಿದರೂ ನೀಲಿಗಟ್ಟುತ್ತಿತ್ತು. ಬಲಗೈ ಬರಬರುತ್ತ ಭುಜದಿಂದ ಮೇಲಕ್ಕೆ ಏಳದಾಯಿತು. ಅಮ್ಮ ಮಾಡುವ ಸಾರಿನಲ್ಲಿ ತಪ್ಪು ಹುಡುಕುವ ನಾಲಗೆ ಮಾತ್ರ ಚೆನ್ನಾಗಿಯೇ ಇತ್ತು.

ಅಪ್ಪಯ್ಯ ಒಂದು ಊರುಗೋಲು ತಂದುಕೊಟ್ಟರು. ಅಜ್ಜಿ ಅದನ್ನು ಮುಟ್ಟಲಿಲ್ಲ.

"ಕೋಲ್ ಎಂತಕ್ಕೆ? ಕೋಲ್ ಮಾತಾಡುತ್ತಾ?" ಎಂದಳು. "ಶಾರದೆ ಇತ್ತಲೆ. ಅದರ ಹೆಗಲ್ ಸಾಕ್."

ಹೀಗೆ ನಾನು ಅಜ್ಜಿಯ ಕೋಲಾದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಸ್ನಾನ. ಅದೇ ಗಳದಲ್ಲಿ ಒಣಗಿದ ಲಂಗ ಉಟ್ಟು, ಮಡಿಕೋಲಿನಿಂದ ಅಜ್ಜಿಯ ಸೀರೆ ಇಳಿಸಿ, ಮೋರಿಯ ಪರದೆಯ ಹೊರಗೆ ಕಾಯುತ್ತಿದ್ದೆ. ಅವಳು ಉಟ್ಟು ಹೊರಬರುವಾಗ ಎಡಗೈ ನನ್ನ ಬಲ ಹೆಗಲಿಗೆ. ಅಲ್ಲಿಂದ ದೇವರ ಗೂಡು, ದೇವರ ಗೂಡಿನಿಂದ ಮಣೆ, ಊಟವಾದ ಮೇಲೆ ಎಲ್ಲ ಮನೆಗಳ ಮುಂದೆ ಹಾದುಹೋಗುವ ಗ್ಯಾಲರಿ, ಸಂಜೆ ಓಣಿಯ ತುದಿಯ ಗಣಪತಿ ಗುಡಿ. ಅಮ್ಮ ಅಡುಗೆಯ ಮಡಿಯಲ್ಲಿ ಇರುತ್ತಿದ್ದಳು, ಆದರೆ ಅವಳ ಹೆಗಲನ್ನು ಅಜ್ಜಿ ಕೇಳಿದ್ದಿಲ್ಲ. ಸೊಸೆಯ ಹೆಗಲು ಎತ್ತರದಲ್ಲಿತ್ತು, ಅವರಿಬ್ಬರ ನಡುವಿನ ಮಾತೂ ಹಾಗೇ ಕೈಗೆಟುಕದಷ್ಟು ದೂರದಲ್ಲಿತ್ತು. ನನ್ನದು ಸರಿಯಾಗಿ ಅವಳ ಕೈ ಕೂರುವ ಜಾಗ. ನಾವು ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ನನ್ನನ್ನು ಕಂಡರೆ ಸಾಕು, "ಆಲೀ ಆಜೀಚೀ ಕಾಠೀ!" ಎಂದು ನಗುತ್ತಿದ್ದಳು. ಅಜ್ಜಿಯ ಕೋಲು ಬಂತು ಎಂದು. ಬಿಲ್ಡಿಂಗಿನ ಮಕ್ಕಳೂ ಕಾಠೀ ಎಂದೇ ಕರೆಯತೊಡಗಿದರು. ಬೇರೆ ಹುಡುಗಿಯರಾಗಿದ್ದರೆ ಅಳುತ್ತಿದ್ದರೇನೋ. ನನಗೆ ಅದು ಪದವಿ. ಲಗೋರಿ ಆಡುವಾಗ ಗ್ಯಾಲರಿಯಿಂದ "ಶಾರದೇ" ಎಂಬ ಕೂಗು ಬಂದರೆ ಆಟ ಬಿಟ್ಟು ಓಡುತ್ತಿದ್ದೆ. ಓಡುವಾಗ ಹಿಂದೆ ಯಾರು ನೋಡುತ್ತಿದ್ದಾರೆ ಎಂದು ಒಮ್ಮೆ ತಿರುಗಿ ನೋಡುವುದನ್ನು ಮರೆಯುತ್ತಿರಲಿಲ್ಲ. ನೋಡುತ್ತಿದ್ದವಳು ಯಾವಾಗಲೂ ಮಾಲು.

ಒಂದು ಬೇಸಿಗೆಯಲ್ಲಿ ನಾನು ಬೆಳೆದೆ. ಬೆಳೆಯುತ್ತಿದ್ದೇನೆ ಎಂದು ನನಗೆ ಗೊತ್ತಾಗಿದ್ದು ಫ್ರಾಕಿನಿಂದಲ್ಲ, ಅಜ್ಜಿಯ ಕೈಯಿಂದ. ಮೊದಲು ಅಂಗೈ ಪೂರ್ತಿ ಹೆಗಲ ಮೇಲೆ ಕೂರುತ್ತಿತ್ತು. ಆಮೇಲೆ ಬೆರಳುಗಳು ಮಾತ್ರ ಕೂತು, ಮಣಿಕಟ್ಟು ಗಾಳಿಯಲ್ಲಿ ನಡುಗತೊಡಗಿತು. ಅವಳೂ ಅದೇ ಬೇಸಿಗೆಯಲ್ಲಿ ಇನ್ನಷ್ಟು ಬಾಗಿದ್ದಳು. ನಾನು ಮೊಣಕಾಲು ಸ್ವಲ್ಪ ಮಡಚಿ ನಡೆದೆ. ಯಾರಿಗೂ ತಿಳಿಯಲಿಲ್ಲ ಎಂದುಕೊಂಡೆ. ಮಳೆ ಹಿಡಿಯುವ ಮುಂಚೆ ನಾನು ದೊಡ್ಡವಳಾದೆ. ಅಮ್ಮ ಹೊರಗಿನ ಕೋಣೆಯ ಕಿಟಕಿಯ ಬಳಿ ಚಾಪೆ ಹಾಕಿ, ಒಂದು ತಟ್ಟೆ, ಒಂದು ಲೋಟ ಬೇರೆ ಇಟ್ಟು, ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದಳು. ಹೊಟ್ಟೆನೋವಿಗಿಂತ ನನ್ನನ್ನು ಕಾಡಿದ್ದು ಬೇರೆಯದು. ನಾನು ಹೊರಗೆ ಕೂತರೆ ಅಜ್ಜಿಯನ್ನು ಯಾರು ಮೋರಿಯಿಂದ ಕರೆತರುತ್ತಾರೆ?

ಉತ್ತರ ಬೆಳಿಗ್ಗೆ ನನ್ನೆದುರೇ ಹಾದುಹೋಯಿತು. ಒದ್ದೆ ಜಡೆಯ ಮಾಲು, ಅವಳ ಹೆಗಲ ಮೇಲೆ ಅಜ್ಜಿಯ ಕೈ. ಮಾಲು ನಡೆಯುತ್ತಿದ್ದಳೆನ್ನುವುದಕ್ಕಿಂತ ಕುಣಿಯುತ್ತಿದ್ದಳು. ನಾನು ಕಿಟಕಿಯ ಬಳಿಯಿಂದಲೇ ಕೂಗಿದೆ:

"ಏ, ನಿಧಾನ! ಅಜ್ಜಿ ಬೀಳ್ತಾಳೆ!"

"ನೀನು ಸುಮ್ನೆ ಕೂತ್ಕೋ. ನೀನು ಹೊರಗೆ," ಎಂದಳು ಮಾಲು.

ಅದರಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೇ. ಆ ವಾಕ್ಯ ಈಗಲೂ ನನಗೆ ಅವಳ ಅಂದಿನ ದನಿಯಲ್ಲೇ ಕೇಳುತ್ತದೆ.

ನಾಲ್ಕನೆಯ ದಿನ ತಲೆಗೆ ಮಿಂದು, ನನ್ನ ಲಂಗ ಉಟ್ಟು, ಎಂದಿನ ಜಾಗದಲ್ಲಿ ಪರದೆಯ ಹೊರಗೆ ನಿಂತೆ. ಮಾಲುವೂ ಬಂದು ಪಕ್ಕದಲ್ಲಿ ನಿಂತಳು. ಪರದೆ ಸರಿಯಿತು. ಅಜ್ಜಿಯ ಕೈ ನನ್ನ ಕಡೆಗೆ ಏಳಲು ನೋಡಿತು, ಎದೆಯ ಮಟ್ಟಕ್ಕೆ ಬಂದು ಅಲ್ಲೇ ತಡೆದು, ಆಮೇಲೆ ಇಳಿಯಿತು. ಇಳಿದದ್ದು ಮಾಲುವಿನ ಹೆಗಲ ಮೇಲೆ. ಅಂಗೈ ಪೂರ್ತಿ ಕೂತಿತು. ಅಜ್ಜಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬಹಳ ದಿನದ ಮೇಲೆ ಸರಿಯಾದ ಕುರ್ಚಿ ಸಿಕ್ಕವರು ಬಿಡುವ ಉಸಿರಿನ ಹಾಗೆ. ಅಂದು ಸಂಜೆ ಗ್ಯಾಲರಿಯಲ್ಲಿ ಕಾಕು ಕೇಳಿದಳು:

"ಕಾಯ್ ಆಜೀ, ಕಾಠೀ ಬದಲಲೀ ಕಾ?"

ಕೋಲು ಬದಲಾಯಿತೇ ಎಂಬುದು ಅಜ್ಜಿಗೆ ಮರಾಠಿ ಬರದಿದ್ದರೂ ಅರ್ಥವಾಯಿತು. ನಕ್ಕಳು. ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ನನ್ನ ಕಡೆ ಗಲ್ಲ ತಿರುಗಿಸಿ, ಕಾಕುವಿಗೆ ಕನ್ನಡದಲ್ಲೇ ಹೇಳಿದಳು:

"ಇದ್ ಉದ್ದ ಆಯ್ತ್, ನಾ ಗಿಡ್ಡ ಆದೆ. ಕೈ ಎತ್ತುಕ್ ಆತಿಲ್ಲೆ. ಎಂತ ಮಾಡುದ್?"

ಮಾಲುವನ್ನು ಬಿಲ್ಡಿಂಗಿನ ಮಕ್ಕಳು ಕಾಠೀ ಎನ್ನತೊಡಗಿದರು. ನಾನು ಬರೀ ಶಾರದೆಯಾದೆ. ಆ ಮಳೆಗಾಲ ಪೂರ್ತಿ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕು. ಅಜ್ಜಿಯ ಎದುರಿಗೆ ಬಾಗಿ ನಡೆದೆ. ಭುಜ ಕುಗ್ಗಿಸಿ, ಕತ್ತು ಮುಂದಕ್ಕೆ ಚಾಚಿ, ಮೊಣಕಾಲು ಮಡಚಿ ಅಡುಗೆಮನೆಯಲ್ಲಿ ಸುತ್ತಿದೆ. ಶಾಲೆಯಲ್ಲಿ ಪಿ.ಟಿ. ಟೀಚರು ಬೆನ್ನಿಗೆ ಗುದ್ದಿ ನೆಟ್ಟಗೆ ನಿಲ್ಲಿಸುತ್ತಿದ್ದರು, ಮನೆಗೆ ಬಂದು ಮತ್ತೆ ಬಾಗುತ್ತಿದ್ದೆ. ಕೊನೆಗೆ ಒಂದು ದಿನ ಊಟದ ಹೊತ್ತಿಗೆ ಅಮ್ಮ ಸೌಟು ಕೆಳಗಿಟ್ಟು ನೋಡಿದಳು.

"ಎಂತ ಇದು ನಿನ್ನ ವೇಷ? ಸೊಂಟ ಉಳುಕಿದೆಯಾ?"

"ಇಲ್ಲ."

"ಮತ್ತೆ ಯಾಕೆ ಮುದುಕಿಯ ಹಾಗೆ ನಡೆಯುವುದು?"

ಮಣೆಯ ಮೇಲೆ ಗಂಜಿಯನ್ನ ಕಲಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು:

"ಮುದುಕಿ ಆಪುಕೆ ಅದಕ್ಕೆ ಅವಸರ. ಇರ್ಲಿ ಬಿಡ್, ಆತ್ತ್ ನಿಧಾನಕ್ಕೆ."

ಮಾಲು ನಗುತ್ತ ಅನ್ನ ಉಗುಳಿದಳು. ನಾನು ನೆಟ್ಟಗೆ ಕೂತೆ. ಅಜ್ಜಿಗೆ ನನ್ನ ಮೇಲೆ ಕರುಣೆ ಬಂದಿರಬೇಕು. ಮರುದಿನ ನನಗೊಂದು ಕೆಲಸ ಕೊಟ್ಟಳು. ಮೇಲಿನದೆಲ್ಲ ನಿನ್ನದು ಎಂದಳು. ಗಳದಿಂದ ಸೀರೆ ಇಳಿಸುವುದು, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ, ದೇವರ ಗೂಡಿನ ಮೇಲ್ತಟ್ಟು. ಬಂದ ವರ್ಷ ಅವಳೇ ಇಟ್ಟ ಭರಣಿ ಈಗ ಅವಳ ಕೈಗೆ ಸಿಗುತ್ತಿರಲಿಲ್ಲ. ಕೆಲಸ ಗೌರವದ್ದೇ. ಆದರೆ ಅದರಲ್ಲಿ ಮುಟ್ಟುವುದು ಇರಲಿಲ್ಲ. ನಾನು ಕೋಲಿನ ತುದಿಯಿಂದ ಸೀರೆ ಕೊಡುತ್ತಿದ್ದೆ, ಅದನ್ನು ಉಟ್ಟ ಅಜ್ಜಿ ಮಾಲುವನ್ನು ಹಿಡಿದುಕೊಳ್ಳುತ್ತಿದ್ದಳು. ದೂರದಲ್ಲಿ ನಿಂತು ಏನಾಗುತ್ತಿದೆ ಎಂದು ನೋಡುವ ಅಭ್ಯಾಸ ನನಗೆ ಅಲ್ಲಿಂದಲೇ ಬಂತು. ಮುಂದೆ ಮೂರು ದಶಕ ಪತ್ರಿಕೆಯ ಡೆಸ್ಕಿನಲ್ಲಿ ಅದರಿಂದಲೇ ಊಟ ಮಾಡಿದೆ. ನೋಡಿದ ಹಾಗೆ ಹೇಳುವುದಾದರೆ: ಮಾಲು ಒಳ್ಳೆಯ ಕೋಲು. ಒಂದೆರಡು ತಿಂಗಳಲ್ಲಿ ಕುಣಿಯುವುದನ್ನು ಬಿಟ್ಟಳು. ಅಜ್ಜಿಯ ಹೆಜ್ಜೆ ತಡವರಿಸಿದರೆ ತಿರುಗಿ ನೋಡದೆಯೇ ನಿಲ್ಲುತ್ತಿದ್ದಳು. ಅದು ನನಗೆ ಹೆಚ್ಚು ಉರಿಯಿತು. ಅವಳು ತಪ್ಪು ಮಾಡಲಿ ಎಂದು ನಾನು ಕಾದದ್ದೇ ಬಂತು.

ತಪ್ಪು ಆಯಿತು, ಆದರೆ ಅದು ನಲ್ಲಿಯದು. ಒಂದು ಬೆಳಿಗ್ಗೆ ನೀರು ತಡವಾಗಿ ಬಂತು. ಮಾಲುವಿಗೆ ಬೆಳಗಿನ ಶಿಫ್ಟಿನ ಶಾಲೆ, ಹೊರಟುಹೋದಳು. ನನ್ನದು ಮಧ್ಯಾಹ್ನದ್ದು. ಅಮ್ಮ ಡಬ್ಬ ಹಿಡಿದು ಸೀಮೆಎಣ್ಣೆಯ ಲೈನಿಗೆ ಹೋದಳು. ನಾನು ಆಗ ಹೊರಗಿನವಳು. ಕಿಟಕಿಯ ಬಳಿ ಚಾಪೆಯ ಮೇಲೆ ಕೂತಿದ್ದೆ. ಅಜ್ಜಿ ಯಾರನ್ನೂ ಕಾಯದೆ ಗೋಡೆ ಹಿಡಿದು ಮೋರಿಗೆ ಹೋಗಿ ಸ್ನಾನ ಮಾಡಿದಳು. ಚೊಂಬು ಬಿದ್ದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ನಾನು ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತೆ. ಪರದೆ ಅರ್ಧ ಸರಿದಿತ್ತು. ಅಜ್ಜಿ ಒದ್ದೆ ಸೀರೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬಿದ್ದಿರಲಿಲ್ಲ, ಜಾರಿ ಕೂತಿದ್ದಳು; ಏಳಲಾಗುತ್ತಿರಲಿಲ್ಲ. ಸೆರಗು ಜಾರಿತ್ತು. ಆವರೆಗೆ ನಾನು ಅವಳನ್ನು ಹಾಗೆ ನೋಡಿರಲಿಲ್ಲ. ಎಲುಬಿನ ಮೇಲೆ ಸಡಿಲವಾಗಿ ಹೊದಿಸಿದ ಚರ್ಮ, ಒದ್ದೆಯಾಗಿ ನೆತ್ತಿಗೆ ಅಂಟಿದ ನಾಲ್ಕು ಕೂದಲು. ಯಾರೋ ಸಣ್ಣ ಮಗುವನ್ನು ಮೀಯಿಸಿ ಮರೆತುಹೋದ ಹಾಗಿತ್ತು.

"ಅಲ್ಲೇ ನಿಲ್ಲ್," ಎಂದಳು. "ಮಾಲುನ್ ಕರಿ."

ಆ ಹೊತ್ತಿನಲ್ಲೂ ಮಾಲು. ನಾನು ಹೇಳಿದೆ:

"ಮಾಲು ಶಾಲೆಗೆ ಹೋಗಿದ್ದಾಳೆ. ಅಮ್ಮ ಲೈನಿನಲ್ಲಿದ್ದಾಳೆ. ಕಾಕುವನ್ನು ಕರೆಯಲಾ?"

"ಬ್ಯಾಡ. ಈ ಅವತಾರ ಕಾಕುಗ್ ತೋರ್ಸುದ್ ಬ್ಯಾಡ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳ ತುಟಿ ಚಳಿಗೆ ಅದುರುತ್ತಿತ್ತು. ಆಮೇಲೆ ಬಾಗಿಲ ಹಿಂದಕ್ಕೆ ನೋಡಿ ಹೇಳಿದಳು:

"ಆ ಮಡಿಕೋಲ್ ತಕೊ. ಒಂದ್ ತುದಿ ನಂಗೆ ಕೊಡ್. ನೀ ಅಲ್ಲಿಂದ್ಲೇ ಎಳಿ."

ಹೊರಗಾದವಳು ಮಡಿಕೋಲನ್ನೂ ಮುಟ್ಟುವಂತಿಲ್ಲ. ಆದರೂ ಕೋಲಿಗಾದರೆ ಮತ್ತೆ ನೀರು ಹಾಕಬಹುದು ಎಂದು ಅವಳು ಲೆಕ್ಕ ಹಾಕಿರಬೇಕು. ನಾನು ಹೊಸ್ತಿಲ ಈಚೆ ನಿಂತು ಕೋಲು ಚಾಚಿದೆ. ಅಜ್ಜಿ ಎರಡೂ ಕೈಯಿಂದ ಹಿಡಿದಳು. ಎಳೆದೆ. ಕೋಲು ಮಾತ್ರ ನನ್ನ ಕಡೆ ಬಂತು. ಊದಿದ ಗಿಣ್ಣುಗಳು ಅದರ ಸುತ್ತ ಮುಚ್ಚಿಕೊಳ್ಳುತ್ತಿರಲಿಲ್ಲ. ಮತ್ತೆ ಚಾಚಿದೆ, ಮತ್ತೆ ಜಾರಿತು. ಸೀರೆಯ ತುದಿಯನ್ನು ಕೋಲಿಗೆ ಸುತ್ತಿ ಹಿಡಿಯಲು ನೋಡಿದಳು, ಅದೂ ಬಿಚ್ಚಿಕೊಂಡಿತು. ಬಿದಿರು ಮೋರಿಯ ಕಟ್ಟೆಗೆ ಬಡಿದು ಸದ್ದಾಯಿತು. ಅಜ್ಜಿ ತನ್ನ ಕೈಗಳನ್ನು ಮಗುಚಿ ಒಮ್ಮೆ ನೋಡಿಕೊಂಡಳು. ಬೇರೆಯವರ ಕೈಗಳನ್ನು ನೋಡಿದ ಹಾಗೆ ನೋಡಿದಳು.

"ಕೋಲ್ ಬಿಡ್," ಎಂದಳು. "ನೀನೇ ಬಾ."

ನಾನು ಹೊಸ್ತಿಲು ದಾಟಿದೆ. ಅವಳು ಕೈ ಎತ್ತಲಾರಳು ಎಂದು ಗೊತ್ತಿತ್ತು. ಅದಕ್ಕೆ ಆ ಒದ್ದೆ ನೆಲದ ಮೇಲೆ ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಕೂತಾಗ ನನ್ನ ಹೆಗಲು ಸರಿಯಾದ ಎತ್ತರಕ್ಕೆ ಬಂತು. ಅಂಗೈ ಪೂರ್ತಿ ಕೂತಿತು. ನಾನು ಇನ್ನೊಂದು ಕೈಯನ್ನು ಅವಳ ಬೆನ್ನಿನ ಹಿಂದೆ ಹಾಕಿ ನಿಧಾನವಾಗಿ ಎದ್ದೆ, ನಾನು ಎದ್ದಷ್ಟೂ ಅವಳೂ ಎದ್ದಳು. ಅವಳು ಇಷ್ಟು ಹಗುರವಾಗಿರುತ್ತಾಳೆ ಎಂದು ನನಗೆ ತಿಳಿದಿರಲಿಲ್ಲ. ಒದ್ದೆ ಸೀರೆಯೇ ಅವಳಿಗಿಂತ ಭಾರವಾಗಿತ್ತು. ಗೋಡೆಗೆ ಒರಗಿಸಿ ನಿಲ್ಲಿಸಿದ ಮೇಲೂ ಅವಳು ಕೂಡಲೇ ಕೈ ತೆಗೆಯಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು ನನ್ನನ್ನು ಹೊಸ್ತಿಲಾಚೆ ಕಳಿಸಿ, ತಲೆಯನ್ನು ಮೊಣಕಾಲಿನವರೆಗೆ ಬಗ್ಗಿಸಿ ಚೊಂಬಿನಿಂದ ಮತ್ತೆ ನೀರು ಸುರಿದುಕೊಂಡಳು. ನನ್ನನ್ನು ಮುಟ್ಟಿದ್ದು ತೊಳೆದುಹೋಗುವಷ್ಟು. ನನಗೆ ಬೇಸರವಾಗಲಿಲ್ಲ. ನನ್ನ ಫ್ರಾಕಿನ ಹೆಗಲಲ್ಲಿ ಐದು ಬೆರಳಿನ ಒದ್ದೆ ಗುರುತಿತ್ತು. ಅದನ್ನು ಯಾರೂ ತೊಳೆದಿರಲಿಲ್ಲ. ಅಮ್ಮ ಹೊರಡುವ ಮುಂಚೆ ಗಳದಿಂದ ಇಳಿಸಿಟ್ಟಿದ್ದ ಸೀರೆ ಉಟ್ಟು ಮುಗಿಸಿದ ಮೇಲೆ ಅಜ್ಜಿ ನನ್ನತ್ತ ತಿರುಗಿ ಹೇಳಿದಳು:

"ಮಾಲುಗ್ ಹೇಳ್ಬೇಡ."

ಅಮ್ಮನಿಗೆ ಹೇಳಬೇಡ ಎನ್ನಲಿಲ್ಲ. ಮಾಲುವಿಗೆ ಎಂದಳು. ಫ್ರಾಕು ಒಣಗುವವರೆಗೂ ನಾನು ಕಿಟಕಿಯ ಬಳಿ ಅಲುಗಾಡದೆ ಕೂತೆ. ಮಾಲುವಿಗಿಲ್ಲದ ಒಂದು ಅಜ್ಜಿ ನನಗಿದ್ದಾಳೆ ಎಂದುಕೊಂಡೆ. ಮಧ್ಯಾಹ್ನ ಮಾಲು ಬಂದು ಕೈಕಾಲು ತೊಳೆದು ಹೆಗಲು ಕೊಟ್ಟಳು, ಅಜ್ಜಿ ಹಿಡಿದುಕೊಂಡು ಗ್ಯಾಲರಿಗೆ ನಡೆದಳು, ಏನೂ ಆಗಿರಲೇ ಇಲ್ಲವೆಂಬಂತೆ. ನಾನು ನಕ್ಕೆ. ಆ ಗುಟ್ಟನ್ನು ಎಷ್ಟೋ ವರ್ಷ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡಿದ್ದೆ. ವಯಸ್ಸಾದ ಮೇಲೆ ಅದರ ರುಚಿ ಸ್ವಲ್ಪ ಬದಲಾಗಿದೆ. ಇಲ್ಲಿಯವರೆಗೆ ಬರೆದದ್ದು ನಾನು ಕಂಡದ್ದು. ಇನ್ನು ಹೇಳುವುದು ಊಹೆ. ಅಜ್ಜಿ ಜಾರಿದ್ದು ತಿಳಿದರೆ ಮಾಲು ಹೆದರುತ್ತಿದ್ದಳು. ಹೆದರಿದ ಹೆಗಲು ಗಟ್ಟಿಯಾಗಿ ನಿಲ್ಲುವುದಿಲ್ಲ. ಅಜ್ಜಿಗೆ ಮರುದಿನ ಬೆಳಿಗ್ಗೆ ಬೇಕಾಗಿದ್ದದ್ದು ಆ ಹೆಗಲೇ. ಈ ಊಹೆ ಸರಿಯಾದರೆ, ನನ್ನನ್ನು ಹಿಡಿದುಕೊಂಡು ನಿಂತಿದ್ದ ಆ ಹೊತ್ತಿನಲ್ಲೂ ಅವಳು ಯೋಚಿಸುತ್ತಿದ್ದದ್ದು ಮಾಲುವಿನ ಬಗ್ಗೆ. ಇದನ್ನು ಬರೆಯುವಾಗ ಅರವತ್ತು ದಾಟಿದ ನನಗೆ ಎದೆಯ ಬಲಭಾಗದಲ್ಲಿ ಉರಿ. ಆಸಿಡಿಟಿ ಎಂದು ಹೇಳಿಕೊಳ್ಳಬಹುದು.

ಕೊನೆಕೊನೆಗೆ ಅಜ್ಜಿ ಹಾಸಿಗೆ ಹಿಡಿದಳು. ಅಮ್ಮನೂ ಅಪ್ಪಯ್ಯನೂ ಎತ್ತಿ ಕೂರಿಸುತ್ತಿದ್ದರು. ಯಾರ ಹೆಗಲೂ ಬೇಕಾಗಲಿಲ್ಲ. ಮಡಿಕೋಲು ಬಾಗಿಲ ಹಿಂದೆ ಬಹಳ ಕಾಲ ಇತ್ತು. ಅಮ್ಮ ಅದರಿಂದ ಜೇಡರ ಬಲೆ ತೆಗೆಯುತ್ತಿದ್ದಳು.

ಈಗ ಅಮ್ಮನ ಸರದಿ. ಅಪ್ಪಯ್ಯ ಹೋದ ಮೇಲೆ ಅವಳು ಘಣಸೋಲಿಯಲ್ಲಿ ಮಾಲುವಿನ ಫ್ಲ್ಯಾಟಿನಲ್ಲಿದ್ದಾಳೆ. ಮಡಿ ಯಾವತ್ತೋ ಬಿಟ್ಟುಹೋಯಿತು, ಬೆನ್ನು ಮಾತ್ರ ಅತ್ತೆಯ ಹಾಗೇ ಬಾಗಿದೆ. ಕಣ್ಣೂ ಮಂಜು. ನಾನು ಸೀವುಡ್ಸಿನಿಂದ ಲೋಕಲ್ ಹಿಡಿದು ವಾರಕ್ಕೆರಡು ಸಲ ಹೋಗುತ್ತೇನೆ. ಡಾಕ್ಟರ ಅಪಾಯಿಂಟ್‌ಮೆಂಟ್, ಔಷಧ, ಡೈಪರ್ ತರುವುದು, ಮೇಲಿನದೆಲ್ಲ ನನ್ನದು. ಮಹಾಪೆಯಲ್ಲಿ ಕೆಲಸ ಮಾಡುವ ಮಾಲುವಿನ ಮಗಳು ಬಾಗಿಲು ತೆಗೆದು, "ದೊಡ್ಡಮ್ಮ, ಆಜ್ ಲೇಟ್? ಅಜ್ಜಿ ಕಬ್ ಸೇ ಪೂಛ್ ರಹೀ ಥೀ" ಎನ್ನುತ್ತಾಳೆ. ಅಷ್ಟು ಹೊತ್ತಿನಿಂದ ಅಮ್ಮ ನನ್ನನ್ನು ಕೇಳುತ್ತಿದ್ದದ್ದು ನಿಜವೇ ಇರಬಹುದು. ಆದರೆ ಮಂಚದಿಂದ ಏಳುವಾಗ ಅವಳ ಕೈ ಗಾಳಿಯಲ್ಲಿ ಹುಡುಕುವುದು ಮಾಲುವನ್ನು. ಮಾಲು ಬೆಳೆಯಲೇ ಇಲ್ಲ, ಗಿಡ್ಡವಾಗಿಯೇ ಉಳಿದಳು. ನಾನು ಪಕ್ಕದಲ್ಲಿ ನಿಂತಿದ್ದರೂ ಅಮ್ಮ, "ಮಾಲು ಬರಲಿ, ನಿನ್ನನ್ನು ಹಿಡಿದರೆ ನೇತಾಡಿದ ಹಾಗಾಗ್ತದೆ," ಎನ್ನುತ್ತಾಳೆ. ನಾನು ಔಷಧದ ಡಬ್ಬಿಗಳನ್ನು ಮೇಲಿನ ಶೆಲ್ಫಿನಲ್ಲಿ ಜೋಡಿಸುತ್ತೇನೆ. ಅಜ್ಜಿಯ ಗುಟ್ಟನ್ನು ಮಾಲುವಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದಾಗ ಅವಳಿಗೆ ತಿಳಿಯುತ್ತದೆ.

ಹೋದ ತಿಂಗಳು ಬೆನ್ನುನೋವಿಗೆಂದು ಎಲುಬಿನ ಡಾಕ್ಟರ ಬಳಿ ಹೋಗಿದ್ದೆ. ಗೋಡೆಯ ಪಟ್ಟಿಗೆ ನಿಲ್ಲಿಸಿ ಸಿಸ್ಟರ್ ಎತ್ತರ ಹೇಳಿದಳು. ಅದು ನನ್ನದಲ್ಲ, ಇನ್ನೊಮ್ಮೆ ನೋಡಿ ಎಂದೆ. ನೋಡಿದಳು.

"ಆಂಟೀ, ಆಪ್ ಜೋ ಬೋಲ್ ರಹೀ ಹೈ, ವೋ ಪಹಲೇ ಕಾ ಹೈಟ್ ಹೋಗಾ," ಎಂದಳು. ನಾನು ಹೇಳುತ್ತಿರುವುದು ಮೊದಲಿನ ಎತ್ತರವಿರಬೇಕು ಎಂದು.

ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು ಕುಸಿಯುತ್ತಿವೆ ಎಂದರು ಡಾಕ್ಟರು. ಕ್ಯಾಲ್ಸಿಯಂ, ಇಂಜೆಕ್ಷನ್, ಭಾರ ಎತ್ತಬೇಡಿ, ಬೀಳಬೇಡಿ. ಅಲ್ಲಿಂದ ನೇರವಾಗಿ ಘಣಸೋಲಿಗೆ ಹೋದೆ. ಮಾಲು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಳು. ಅಮ್ಮ ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟು ಬಾತ್‌ರೂಮಿಗೆ ಹೋಗಬೇಕು ಎಂದಳು. ನಾನು ಹತ್ತಿರ ಹೋಗಿ ನಿಂತೆ. ಬಾಗಲಿಲ್ಲ, ಮೊಣಕಾಲು ಮಡಚಲಿಲ್ಲ. ಇದ್ದ ಹಾಗೇ ನಿಂತೆ. ಅಮ್ಮನ ಕೈ ಎದ್ದಿತು, ಹುಡುಕಿತು, ನನ್ನ ಹೆಗಲ ಮೇಲೆ ಇಳಿಯಿತು. ಅಂಗೈ ಪೂರ್ತಿ.

"ನಿಧಾನ ಹೋಗು ಮಾಲು," ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಮಾಲು ಬಂದು ನಿಂತಿದ್ದಳು. ಕೈಯಲ್ಲಿ ದೋಸೆ ಸಟ್ಟುಗ.

"ಅದು ನಾನಲ್ಲ ಅಮ್ಮ. ಅಕ್ಕ."

ಅಮ್ಮ ನಿಂತಳು. ಬೆರಳುಗಳು ನನ್ನ ಹೆಗಲನ್ನು ತಡವಿದವು, ಕೊರಳ ಬುಡದವರೆಗೆ ಹೋಗಿ ವಾಪಸು ಬಂದವು.

"ಶಾರದೆಯಾ? ನೀನು ಯಾವಾಗ ಮಾರಾಯ್ತಿ ಇಷ್ಟು ಗಿಡ್ಡ ಆದದ್ದು?"

ಕೈ ತೆಗೆಯಲಿಲ್ಲ. ಒಲೆಯ ಮೇಲೆ ದೋಸೆ ಸೀದ ವಾಸನೆ ಬರತೊಡಗಿತು. ಮಾಲು ಒಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನನ್ನ ಹೆಗಲನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಒಂದು ಮಳೆಗಾಲ ಪೂರ್ತಿ ಅದು ನನ್ನ ಮುಖದ ಮೇಲಿತ್ತು. ಬಾತ್‌ರೂಮು ನಾಲ್ಕು ಹೆಜ್ಜೆ ದೂರ. ನಾನು ಆದಷ್ಟು ನಿಧಾನವಾಗಿ ನಡೆದೆ.